ಬಲ್ಲವನ ಊಟ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಈ ಗಾದೆ ಕಿವಿಗೆ ಬಿದ್ದೊಡನೆ ನಮ್ಮ ಗಮನ ಹೋಗುವುದು ಊಟದ ಕಡೆಗೆ. ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿ ಮನಸ್ಸಿನಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ರಾಗಿ ಒಳ್ಳೆಯದು, ಮೈದಾ ಕೆಟ್ಟದ್ದು, ರಾತ್ರಿ ಮೊಸರು ಬೇಡ, ಬೆಳಿಗ್ಗೆ ಬಿಸಿನೀರು ಬೇಕು. ಆದರೆ ಗಾದೆಯಲ್ಲಿ ಇಂಥ ಪಟ್ಟಿ ಎಲ್ಲೂ ಇಲ್ಲ. ಅದರ ತೂಕವೆಲ್ಲ ಕೂತಿರುವುದು ‘ಬಲ್ಲ’ ಎಂಬ ಎರಡಕ್ಷರದ ಮೇಲೆ. ಕನ್ನಡದ ಈ ಪದದಲ್ಲಿ ಅರಿವೂ ಇದೆ, ಕೈಲಾಗುವಿಕೆಯೂ ಇದೆ. ಈಜಬಲ್ಲ, ಹಾಡಬಲ್ಲ, ಗೋಡೆ ಕಟ್ಟಬಲ್ಲ ಎನ್ನುತ್ತೇವಲ್ಲ, ಆ ಬಲ್ಲ. ಈಜಿನ ಬಗ್ಗೆ ಎಷ್ಟೇ ಓದಿದ್ದರೂ ನೀರಿಗಿಳಿಯದವನನ್ನು ಈಜಬಲ್ಲವನೆಂದು ಯಾರೂ ಕರೆಯುವುದಿಲ್ಲ. ಸೆಳವು ಹೇಗಿದೆಯೋ ಹಾಗೆ ಕೈಕಾಲು ಬದಲಿಸುವವನೇ ಈಜಬಲ್ಲವನು. ಊಟ ಬಲ್ಲವನೂ ಅಂಥವನೇ. ಊರು, ಋತು, ದುಡಿಮೆ, ಹಸಿವು ಇವನ್ನು ನೋಡಿಕೊಂಡು ತನ್ನ ತಟ್ಟೆಯನ್ನೂ ದಿನಚರಿಯನ್ನೂ ಅಷ್ಟಷ್ಟೇ ಸರಿಸಿಕೊಳ್ಳುವವನು. ಪಟ್ಟಿ ಕೊಡದಿರುವುದರಲ್ಲೇ ಗಾದೆಯ ಜಾಣತನವಿದೆ ಎಂಬುದು ನನ್ನ ವಾದ. ಯಾಕೆಂದರೆ ಪಟ್ಟಿ ಒಂದು ಊರಿನಲ್ಲಿ ಹುಟ್ಟುತ್ತದೆ, ಮನುಷ್ಯ ಊರು ಬಿಟ್ಟು ಹೋಗುತ್ತಾನೆ.

ಈ ವಾದವನ್ನು ಒರೆಗೆ ಹಚ್ಚಲು ಪುಣೆಯ ಕನ್ನಡಿಗರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕರಾವಳಿಯಿಂದ ಹೋಟೆಲು ಕೆಲಸಕ್ಕೆ ಬಂದವರು, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡಗಳ ಕೆಲಸಕ್ಕೆ ಬಂದವರು, ಈಚೆಗೆ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಬೆಂಗಳೂರು–ಮೈಸೂರಿನಿಂದ ಬಂದವರು, ಎಲ್ಲರೂ ಒಂದೊಂದು ಅಡುಗೆಮನೆಯನ್ನು ಹೊತ್ತುಕೊಂಡೇ ಬಂದಿದ್ದಾರೆ. ಆದರೆ ಹವೆಯನ್ನು ಹೊತ್ತುತರಲು ಆಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿ ಪುಣೆ ಕೂತಿದೆ. ವರ್ಷದ ಮಳೆ 700–750 ಮಿಲಿಮೀಟರಿನ ಆಸುಪಾಸು. ಉಡುಪಿ–ಮಂಗಳೂರಿನ ಕಡೆ ಅದರ ನಾಲ್ಕು ಪಟ್ಟಿಗೂ ಮೀರಿ ಸುರಿಯುತ್ತದೆ. ಚಳಿಗಾಲದಲ್ಲಿ ಬೆಳಗಿನ ಜಾವ 10–11 ಡಿಗ್ರಿ ಇದ್ದದ್ದು ಮಧ್ಯಾಹ್ನ 30ರ ಹತ್ತಿರ ಏರುತ್ತದೆ. ಹಗಲು ರಾತ್ರಿಗೆ ಹೆಚ್ಚು ವ್ಯತ್ಯಾಸವಿಲ್ಲದ, ಸದಾ ಬೆವರುವ ಕಡಲತಡಿಯವರ ಮೈಗೆ ಇದು ಹೊಸ ಪಾಠ. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಬಂದದ್ದು ಈ ಊರಿಗೇ. ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಊರು ಬದಲಾದರೂ ಹೆಸರು ಅಂಟಿಕೊಂಡೇ ಇರುತ್ತದೆ. ನಾಲಿಗೆಯ ರೂಢಿಯೂ ಹಾಗೆಯೇ ಅಂಟಿಕೊಳ್ಳುತ್ತದೆ, ಅಪಾಯವಿರುವುದು ಅಲ್ಲಿ. ಬಿಸಿಲಿನಲ್ಲಿ ಗದ್ದೆ ಕೆಲಸ ಮಾಡಿ ಬೆವರಿದ ಮೈಗೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ಅಮೃತ. ಅದೇ ಪ್ರಮಾಣದ ಅನ್ನವನ್ನು ಎಂಟು ಗಂಟೆ ಕುರ್ಚಿಯಲ್ಲಿ ಕೂತವನು ಎರಡು ಹೊತ್ತು ಉಂಡರೆ, ಊಟ ಅದೇ ಇದ್ದರೂ ಬಲ್ಲತನ ಕೈಬಿಟ್ಟಂತೆ.

ಬಲ್ಲತನ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕಾದರೆ ಇಡ್ಲಿ ಹಿಟ್ಟನ್ನು ನೋಡಬೇಕು. ಫರ್ಗ್ಯುಸನ್ ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟಿಯವರಂಥ ಕರಾವಳಿಯ ಹೋಟೆಲಿಗರು ಪುಣೆಯ ನಾಲಿಗೆಗೆ ಇಡ್ಲಿ–ದೋಸೆಯ ರುಚಿ ಹತ್ತಿಸಿದರು. ಆ ಹಿಟ್ಟು ಏಪ್ರಿಲಿನಲ್ಲಿ ಆರೇಳು ಗಂಟೆಯಲ್ಲಿ ಉಕ್ಕಿ ಪಾತ್ರೆಯ ಅಂಚು ದಾಟುತ್ತದೆ. ಜನವರಿಯಲ್ಲಿ ಸಂಜೆ ರುಬ್ಬಿಟ್ಟದ್ದು ಬೆಳಗಾದರೂ ಕದಲದೆ ಮಲಗಿರುತ್ತದೆ. ಬಲ್ಲವರು ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬುತ್ತಾರೆ, ಒಂದು ಚಮಚ ಮೆಂತ್ಯ ಹೆಚ್ಚಿಗೆ ನೆನೆಹಾಕುತ್ತಾರೆ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಒಲೆಯ ಬದಿಗಿಡುತ್ತಾರೆ. ಬೇಸಿಗೆಯಲ್ಲಿ ಬೇಗ ಹುಳಿಯೇರದಂತೆ ತಣ್ಣೀರು ಬಳಸುತ್ತಾರೆ, ತಡವಾಗಿ ರುಬ್ಬುತ್ತಾರೆ. ಗಡಿಯಾರ ನೋಡಿ ‘ಆಗಿದೆ’ ಎನ್ನುವುದಿಲ್ಲ, ಮುಚ್ಚಳ ತೆಗೆದು ವಾಸನೆ ಹಿಡಿಯುತ್ತಾರೆ, ಸೌಟು ಇಳಿಸಿ ಗುಳ್ಳೆ ನೋಡುತ್ತಾರೆ. ಅಕ್ಕಿ, ಉದ್ದು, ಉಪ್ಪು ವರ್ಷವಿಡೀ ಅವೇ. ಬದಲಾಗುವುದು ನೀರಿನ ಬಿಸಿ, ಹೊತ್ತು, ಇಡುವ ಜಾಗ. ಹಿಟ್ಟಿಗೆ ತೋರುವ ಈ ನಿಗಾವನ್ನು ಮೈಗೂ ತೋರಬೇಕು ಎನ್ನುವುದಷ್ಟೇ ಗಾದೆಯ ಕೋರಿಕೆ.

ಹಳೆಯ ವೈದ್ಯಗ್ರಂಥಗಳು ಇದನ್ನು ಋತುಚರ್ಯೆ ಎಂದು ಕರೆದವು. ಅಷ್ಟಾಂಗಹೃದಯದ ಸೂತ್ರಸ್ಥಾನದ 3ನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಅದರಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಋತುಸಂಧಿಯ ವಿಚಾರ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ, ಒಟ್ಟು ಹದಿನಾಲ್ಕು ದಿನಗಳಲ್ಲಿ ಹಳೆಯ ರೂಢಿಯನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು, ಥಟ್ಟನೆ ಬದಲಿಸಿದರೆ ಕಾಯಿಲೆ ಎಂಬುದು ಅದರ ಸಾರ. ಜೂನ್ ಮೊದಲ ಮಳೆಗೆ ಪುಣೆಯಲ್ಲಿ ಒಂದೇ ವಾರದಲ್ಲಿ ಬಿಸಿಲು ಇಳಿಯುತ್ತದೆ, ಆದರೆ ಮೇ ತಿಂಗಳಿನ ಫ್ರಿಜ್ಜಿನ ನೀರು, ರಾತ್ರಿಯಿಡೀ ತಿರುಗುವ ಫ್ಯಾನು, ತಡರಾತ್ರಿಯ ಐಸ್‌ಕ್ರೀಮು ಹಾಗೇ ಮುಂದುವರಿಯುತ್ತವೆ. ಸಂಧಿಯನ್ನು ಬಲ್ಲ ಮನೆಯಲ್ಲಿ ಫ್ರಿಜ್ಜಿನ ನೀರು ಮಡಕೆಗೆ, ಮಡಕೆಯ ನೀರು ಕಾಯಿಸಿ ಆರಿಸಿದ್ದಕ್ಕೆ ಸರಿಯುತ್ತದೆ. ಮಾವಿನಹಣ್ಣಿನ ಸೀಕರಣೆಯ ಜಾಗಕ್ಕೆ ಮೆಣಸು–ಜೀರಿಗೆಯ ಸಾರು ಬರುತ್ತದೆ. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗಿರುತ್ತದೆ ಎಂದು ಚರಕಸಂಹಿತೆ ಹೇಳಿದ್ದನ್ನು ಒಪ್ಪದವರೂ, ಆ ದಿನಗಳಲ್ಲಿ ನೀರು ಮತ್ತು ಹಸಿ ತರಕಾರಿಯಿಂದ ಹೊಟ್ಟೆ ಕೆಡುವುದು ಹೆಚ್ಚು ಎಂಬುದನ್ನು ಒಪ್ಪುತ್ತಾರೆ. ಹಗುರಾದ, ಬಿಸಿಯಾದ, ಬೇಯಿಸಿದ ಊಟ ಎಂಬ ತೀರ್ಮಾನಕ್ಕೆ ಎರಡು ದಾರಿಯಿಂದಲೂ ಬರಬಹುದು.

ಆಗಲೇ ಪುಣೆಯ ಸಂತೆಯಲ್ಲಿ ಟಾಕಳಾ ಎಂಬ ಸೊಪ್ಪಿನ ಕಟ್ಟುಗಳು ಕಾಣುತ್ತವೆ. ಕರಾವಳಿಯ ಚಗಟೆ, ತುಳುವಿನ ತಜಂಕ್ ಇದೇ. ಅಲ್ಲಿನ ಮಳೆಗಾಲದ ಆಟಿ ತಿಂಗಳ ಅಡುಗೆ ಇಲ್ಲಿ ರಾನ್‌ಭಾಜಿ, ಅಂದರೆ ಕಾಡುಸೊಪ್ಪು, ಎಂಬ ಹೆಸರಿನಲ್ಲಿ ಸಿಗುತ್ತದೆ. ಕೆಸುವಿನ ಪತ್ರೊಡೆಗೆ ಇಲ್ಲಿನ ಅಳುವಡಿ ಒಡಹುಟ್ಟು. ಉತ್ತರ ಕರ್ನಾಟಕದವರಿಗಂತೂ ಪುಣೆ ಅಪರಿಚಿತವೇ ಅಲ್ಲ. ಸಂಕ್ರಾಂತಿಯ ಹಿಂದಿನ ಭೋಗಿಯ ದಿನ ಎಳ್ಳು ಮೆತ್ತಿದ ಸಜ್ಜೆ ರೊಟ್ಟಿ, ಬೆಣ್ಣೆ, ಬದನೆ–ಅವರೆ–ಗಜ್ಜರಿ ಕೂಡಿಸಿದ ಪಲ್ಯ ಇಬ್ಬರ ಮನೆಯಲ್ಲೂ ಇರುತ್ತದೆ. ಹಸಿವು ಜೋರಾಗಿ, ಚರ್ಮ ಒಡೆಯುವ ಒಣ ಚಳಿಗೆ ಎಣ್ಣೆ–ಬೆಣ್ಣೆಯ ಊಟ ಹೇಳಿ ಮಾಡಿಸಿದಂತಿದೆ. ಅದನ್ನೇ ಮೇ ತಿಂಗಳಿನಲ್ಲಿ ತಿನ್ನು ಎಂದು ಯಾವ ಅಜ್ಜಿಯೂ ಹೇಳಲಿಲ್ಲ. ನಿದ್ದೆಯ ವಿಷಯದಲ್ಲೂ ಹೀಗೆಯೇ. ಪುಣೆಯ ಹಳೆಯ ಪೇಟೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವ ಪದ್ಧತಿಯನ್ನು ಹೊರಗಿನವರು ಸೋಮಾರಿತನವೆಂದು ಆಡಿಕೊಳ್ಳುತ್ತಾರೆ. ಹಗಲುನಿದ್ದೆಯನ್ನು ಸಾಮಾನ್ಯವಾಗಿ ಬೇಡವೆನ್ನುವ ಚರಕ ಗ್ರೀಷ್ಮದಲ್ಲಿ ಮಾತ್ರ ಅದನ್ನು ಒಪ್ಪುತ್ತಾನೆ, ಆಗ ರಾತ್ರಿ ಚಿಕ್ಕದು ಎಂಬ ಕಾರಣಕ್ಕೆ. ನಲವತ್ತರ ಹತ್ತಿರ ಏರುವ ಏಪ್ರಿಲ್ ಬಿಸಿಲಿನಲ್ಲಿ ನೆರಳಿಗೆ ಸರಿದು ಅರ್ಧ ಗಂಟೆ ಕಣ್ಣು ಮುಚ್ಚುವುದು ವಿವೇಕ. ಡಿಸೆಂಬರಿನಲ್ಲಿ ಅದೇ ಹೊತ್ತಿಗೆ ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆ ಹಾಳು. ಆ ಹೊತ್ತನ್ನು ಪರ್ವತಿ ಗುಡ್ಡದ ಮೆಟ್ಟಿಲಿಗೋ ವೇತಾಳ ಟೇಕಡಿಯ ಕಾಲುದಾರಿಗೋ ಕೊಟ್ಟರೆ ಲಾಭ.

ಬಲ್ಲತನಕ್ಕೆ ಕಣ್ಣಂದಾಜು ಸಾಲದು ಎಂಬುದನ್ನೂ ಪುಣೆಯೇ ತೋರಿಸಿಕೊಟ್ಟಿದೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅಧ್ಯಯನ ಮಾಡುತ್ತ ಬಂದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ., ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದ್ದು ಸುಮಾರು 3.5. ಆದರೆ ನಮ್ಮ ಕೂಸುಗಳಲ್ಲಿ ಕಡಿಮೆಯಾಗಿದ್ದದ್ದು ಹೆಚ್ಚಾಗಿ ಮಾಂಸಖಂಡ. ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. 2004ರಲ್ಲಿ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ತಮ್ಮದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಮೈಯ ಕೊಬ್ಬು ಮಾತ್ರ ಒಬ್ಬರಲ್ಲಿ ಶೇ 9.1, ಇನ್ನೊಬ್ಬರಲ್ಲಿ ಶೇ 21.2. ಹೆಚ್ಚಿನದು ಯಾಜ್ಞಿಕರದ್ದು. ‘ನಾನು ತೆಳ್ಳಗಿದ್ದೇನೆ, ನನಗೇನಾಗುತ್ತದೆ’ ಎಂಬ ನಮ್ಮ ಧೈರ್ಯಕ್ಕೆ ಬುಡವಿಲ್ಲ ಎಂದು ಆ ಎರಡು ಅಂಕಿಗಳು ಹೇಳುತ್ತವೆ. ಅಜ್ಜ ನೇಗಿಲ ಹಿಂದೆ ಹತ್ತು ಮೈಲಿ ನಡೆದು ಉಂಡ ನಾಲ್ಕು ರೊಟ್ಟಿಯನ್ನು ಮೊಮ್ಮಗ ಬೈಕಿನಿಂದಿಳಿದು ಉಣ್ಣುತ್ತಾನೆ, ಅದೂ ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಉಂಡದ್ದಕ್ಕಿಂತ ತಡರಾತ್ರಿ ಉಂಡದ್ದು ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ರೊಟ್ಟಿಯ ತಪ್ಪೇನೂ ಇಲ್ಲ. ಎಷ್ಟು, ಯಾವಾಗ, ಎಷ್ಟು ನಡೆದ ಮೇಲೆ ಎಂಬ ಲೆಕ್ಕ ತಪ್ಪಿದೆ.

ಇಷ್ಟಾದರೂ ಗಾದೆಗೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತೇಲಿಸಿಬಿಡಬಾರದು. ‘ರೋಗವಿಲ್ಲ’ ಎಂಬುದು ನಿಜವೇ? 2009ರ ಆಗಸ್ಟಿನಲ್ಲಿ ದೇಶದ ಮೊದಲ ಹಂದಿಜ್ವರದ ಸಾವು ಸಂಭವಿಸಿದ್ದು ಪುಣೆಯಲ್ಲಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲನ್–ಬಾರೆ ಸಿಂಡ್ರೋಮ್ ಹಬ್ಬಿ, ಇನ್ನೂರಕ್ಕೂ ಹೆಚ್ಚು ಜನ ಕೈಕಾಲು ಸೋತು ಆಸ್ಪತ್ರೆ ಸೇರಿದರು. ಸಂಶಯ ಹೋದದ್ದು ಕಲುಷಿತ ನೀರಿನ ಮೇಲೆ. ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅವರೆಲ್ಲ ಊಟ ಅರಿಯದವರೇ? ಹಾಗೆ ಹೇಳುವುದು ಕ್ರೌರ್ಯ. ಇಲ್ಲಿ ಗಾದೆಯ ಎರಡನೆಯ ಅರ್ಧ ಮೊದಲನೆಯದನ್ನು ತಿದ್ದುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದರೆ ಅವನ ಮೇಲೆ ಯಾರೂ ಜಗಳಕ್ಕೆ ಬರುವುದೇ ಇಲ್ಲ ಎಂದು ಯಾರೂ ಅರ್ಥ ಮಾಡುವುದಿಲ್ಲ. ಅವನ ಬಾಯಿಂದ ಜಗಳ ಹುಟ್ಟುವುದಿಲ್ಲ, ಬಂದ ಜಗಳ ಬೆಳೆಯುವುದಿಲ್ಲ ಎಂದಷ್ಟೇ ತಿಳಿಯುತ್ತೇವೆ. ರೋಗದ ಮಾತನ್ನೂ ಅಷ್ಟಕ್ಕೇ ಓದಬೇಕು. ತಟ್ಟೆಯಿಂದ ಹುಟ್ಟುವ ರೋಗ ಅವನಲ್ಲಿ ಹುಟ್ಟದು, ಹೊರಗಿನಿಂದ ಬಂದದ್ದಕ್ಕೆ ಅವನ ಮೈ ಸ್ವಲ್ಪ ಗಟ್ಟಿಯಾಗಿ ನಿಂತೀತು. ಕೈ ತೊಳೆದು ಉಣ್ಣುವುದು, ಕುದಿಸಿದ ನೀರು ಕುಡಿಯುವುದು ಅವನ ಕೆಲಸ. ನಲ್ಲಿಯಲ್ಲಿ ಶುದ್ಧ ನೀರು ಬರುವಂತೆ ನೋಡಿಕೊಳ್ಳುವುದು ನಗರದ ಕೆಲಸ. ಊರೂ ಉಣಿಸಬಲ್ಲದ್ದಾಗಬೇಕು.

ಇದಕ್ಕಿಂತ ನೋಯಿಸುವ ಇನ್ನೊಂದು ಆಕ್ಷೇಪವಿದೆ. ಋತು ನೋಡಿ ತಟ್ಟೆ ಬದಲಿಸುವುದು ಉಳ್ಳವರ ಮಾತಲ್ಲವೇ? ತಗಡಿನ ಶೆಡ್ಡಿನಲ್ಲಿ ಮಲಗಿ ಬೆಳಿಗ್ಗೆ ಕಾಂಕ್ರೀಟ್ ಹೊರುವ ಯಾದಗಿರಿಯ ದಂಪತಿಗೆ ಯಾವ ಋತುಚರ್ಯೆ? ಪ್ರಶ್ನೆ ನ್ಯಾಯವಾದದ್ದು. ಆದರೆ ತಿಳಿವಳಿಕೆಯ ಕೊರತೆ ಅವರಲ್ಲಿದೆ ಎಂದುಕೊಂಡರೆ ತಪ್ಪಾಗುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ, ಬೇಳೆ ಹಾಕಿದ ಸೊಪ್ಪಿನ ಪಲ್ಯ, ಮಜ್ಜಿಗೆ. ದುಡಿಯುವ ಮೈಗೆ ಇದಕ್ಕಿಂತ ತೂಕದ ಊಟವನ್ನು ಯಾವ ಆಹಾರತಜ್ಞರೂ ಬರೆದುಕೊಡಲಾರರು, ಅದೂ ಇಷ್ಟು ಅಗ್ಗದಲ್ಲಿ. ಅವರಿಗೆ ಇಲ್ಲದ್ದು ರೊಟ್ಟಿ ಬಡಿಯುವಷ್ಟು ಬಿಡುವು, ಒಲೆ ಹೂಡುವಷ್ಟು ಜಾಗ, ಮಧ್ಯಾಹ್ನದ ನೆರಳು. ಹೊತ್ತಿಲ್ಲದ್ದರಿಂದ ಮಕ್ಕಳ ಕೈಗೆ ಐದು ರೂಪಾಯಿಯ ಕುರುಕಲು ಪೊಟ್ಟಣ ಬರುತ್ತದೆ. ಬಲ್ಲವರ ಕೈ ಕಟ್ಟಿಹಾಕಿ ‘ನಿಮಗೆ ಗೊತ್ತಿಲ್ಲ’ ಎನ್ನುವವರ ಪರವಾಗಿ ಈ ಗಾದೆಯನ್ನು ಬಳಸಲು ಬಿಡಬಾರದು.

ಇನ್ನು ಉಳಿದದ್ದು ಮಾತಿನ ಅರ್ಧ. ಆರೋಗ್ಯದ ಪಕ್ಕದಲ್ಲಿ ಜಗಳವನ್ನು ಯಾಕೆ ತಂದಿಟ್ಟರು? ಒಳಗೆ ಹೋಗುವುದೂ ಹೊರಗೆ ಬರುವುದೂ ಒಂದೇ ಬಾಯಿಯಿಂದ, ಕಾಯುವುದು ಒಂದೇ ನಾಲಿಗೆ. ಕೋಪದಲ್ಲಿ ಉಂಡವನು ಗಬಗಬನೆ ಉಣ್ಣುತ್ತಾನೆ, ಹೊಟ್ಟೆ ತುಂಬಿದ್ದು ಅವನಿಗೆ ತಿಳಿಯುವುದಿಲ್ಲ. ಸರಿಯಾಗಿ ಉಣ್ಣದೆ ನಿದ್ದೆಗೆಟ್ಟವನು ಮರುದಿನ ಸಣ್ಣ ಮಾತಿಗೂ ಸಿಡುಕುತ್ತಾನೆ. ಒಂದು ಕೆಟ್ಟರೆ ಇನ್ನೊಂದನ್ನು ಕೆಡಿಸುತ್ತದೆ. ಸಂಜೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಹಾರ್ನ್ ಕೇಳಿ ಮನೆ ಸೇರಿದವರು ನೇರ ತಟ್ಟೆಯ ಮುಂದೆ ಕೂರುವುದರಲ್ಲೇ ಎರಡೂ ಕೆಡುವ ದಾರಿಯಿದೆ. ನಡುವೆ ಒಂದು ಸಂಧಿ ಬೇಕು, ಋತುಸಂಧಿಯಂತೆ. ಅದನ್ನು ಕಲಿಸಿದವರೂ ಒಬ್ಬ ಕನ್ನಡನಾಡಿನವರೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಮಾರಿಯ ವರ್ಷದಲ್ಲೇ ಹುಟ್ಟಿ, ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ನರಳಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಡೆಕ್ಕನ್ ಜಿಮ್ಖಾನಾದ ಕರೆಗೆ ಯೋಗ ಕಲಿಸಲು ಆರು ತಿಂಗಳ ಮಟ್ಟಿಗೆಂದು ಪುಣೆಗೆ ಬಂದವರು. 2014ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡದ್ದೂ ಪುಣೆಯಲ್ಲೇ. ಆಸನಕ್ಕೆ ಮೈಯನ್ನು ಒಗ್ಗಿಸುವ ಬದಲು ಮೈಗೆ ಆಸನವನ್ನು ಒಗ್ಗಿಸಲು ಅವರು ಕುರ್ಚಿ, ಹಗ್ಗ, ಮರದ ಇಟ್ಟಿಗೆ, ದಿಂಬುಗಳನ್ನು ತಂದರು. ಬೆನ್ನು ಬಗ್ಗದವರಿಗೆ ಇಟ್ಟಿಗೆ, ಮಂಡಿ ನೋಯುವವರಿಗೆ ಕುರ್ಚಿ. ಇಡ್ಲಿ ಹಿಟ್ಟಿನ ಮುಂದೆ ನಿಂತ ಅಡುಗೆಯವರ ಅದೇ ನಿಗಾ. ಅವರ ಪದ್ಧತಿಯಲ್ಲಿ ದಣಿದವರಿಗೆ ಹೇಳುವ ವಿಪರೀತಕರಣಿಗೆ ಬೇಕಾದದ್ದು ಒಂದು ಗೋಡೆ, ಮಡಿಸಿದ ಎರಡು ಕಂಬಳಿ. ಸೊಂಟದ ಕೆಳಗೆ ಕಂಬಳಿ ಇಟ್ಟು, ಕಾಲುಗಳನ್ನು ಗೋಡೆಗೆ ಒರಗಿಸಿ, ಕೈ ಚೆಲ್ಲಿ, ಹತ್ತು ನಿಮಿಷ ಸುಮ್ಮನೆ ಮಲಗಬೇಕು. ಫೋನು ಇನ್ನೊಂದು ಕೋಣೆಯಲ್ಲಿರಲಿ. ಒಳಗೆ ಕುಕ್ಕರಿನ ಆವಿ ಇಳಿಯಲು ಸುಮಾರು ಅಷ್ಟೇ ಹೊತ್ತು ಹಿಡಿಯುತ್ತದೆ. ಎದ್ದು ಕೈತೊಳೆದು ಬರುವಾಗ ಅನ್ನ ಇನ್ನೂ ಆರಿರುವುದಿಲ್ಲ, ಬಾಯಿಯ ತನಕ ಬಂದಿದ್ದ ಮಾತು ಆರಿರುತ್ತದೆ.