ಅರಿಯದವನು ನಿರ್ದೋಷಿಯೇ?

ಬೇಸಗೆಯ ದಾರಿಯಲ್ಲಿ ಅರವಟ್ಟಿಗೆಯನ್ನಿಟ್ಟು ಬಾಯಾರಿದವರಿಗೆ ನೀರೆರೆಯುವುದು ನಮ್ಮ ನಾಡಿನಲ್ಲಿ ದೊಡ್ಡ ಪುಣ್ಯಕಾರ್ಯವೆನಿಸಿದೆ. ದಾರಿಹೋಕನು ಏನನ್ನೂ ಪ್ರಶ್ನಿಸದೆ ಬೊಗಸೆಯೊಡ್ಡುತ್ತಾನೆ, ನಂಬಿ ಕುಡಿಯುತ್ತಾನೆ. ಆ ನಂಬಿಕೆಯೇ ನೀರೆರೆಯುವವನ ಹೊಣೆ. ಆದುದರಿಂದಲೇ ಹಿರಿಯರು ಕೊಡವನ್ನು ಬೆಳಗಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದರು. ಇಂದು ಊರಿಗೆ ಊರೇ ನಲ್ಲಿಯ ಮುಂದೆ ಬೊಗಸೆಯೊಡ್ಡಿ ನಿಂತಿದೆ. ಆದರೆ ಕಾರ್ಖಾನೆಗಳಿಂದ ನೀರಿಗೆ ಸೇರುವ ಕೆಲವು ವಿಷಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅವು ಬಟ್ಟೆಗೆ ಸಿಕ್ಕವು, ಕುದಿಸಿದರೂ ಹೋಗವು. ಪ್ರಯೋಗಾಲಯದ ಪರೀಕ್ಷೆಯೊಂದೇ ಅವುಗಳನ್ನು ತೋರಿಸಬಲ್ಲುದು. ಹೀಗಿರುವಾಗ, ಪರೀಕ್ಷಿಸದೆ ನೀರು ಕೊಟ್ಟವನು ‘ನನಗೆ ತಿಳಿದಿರಲಿಲ್ಲ’ ಎಂದರೆ ನಿರ್ದೋಷಿಯಾಗುವನೇ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಮೆರಿಕೆಯಲ್ಲಿ ನಡೆದ ಎರಡು ಸಂಗತಿಗಳನ್ನು ಓದುಗರು ಗಮನಿಸಬೇಕು. ಟೆಫ್ಲಾನ್ ಎಂಬ ಅಂಟದ ಲೇಪನದ ತಯಾರಿಕೆಯಲ್ಲಿ ಪಿಎಫ್‌ಒಎ ಎಂಬ ರಾಸಾಯನಿಕವನ್ನು ದೀರ್ಘಕಾಲ ಬಳಸಲಾಗುತ್ತಿತ್ತು. ಅದು ಮಣ್ಣಿನಲ್ಲಿ ಕೊಳೆಯದು, ನೀರಿನಲ್ಲಿ ಕರಗಿ ಮಾಯವಾಗದು. ದೇಹವನ್ನು ಸೇರಿದರೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗಿನ ಬಳಿ, ಓಹಿಯೋ ನದಿಯ ದಡದಲ್ಲಿ ಡ್ಯೂಪಾಂಟ್ ಕಂಪನಿಯ ಕಾರ್ಖಾನೆಯಿತ್ತು. 1984ರಲ್ಲಿ ಕಂಪನಿಯು ಸುತ್ತಲಿನ ಅಂಗಡಿಗಳ ನಲ್ಲಿನೀರನ್ನು ಸದ್ದಿಲ್ಲದೆ ತರಿಸಿ ಪರೀಕ್ಷಿಸಿತು. ವಿಷ ಕಂಡುಬಂದಿತು, ಜನರಿಗೆ ತಿಳಿಸಲಿಲ್ಲ. 2001ರಲ್ಲಿ ಜನರು ನ್ಯಾಯಾಲಯದ ಮೆಟ್ಟಿಲೇರಿದರು. ಮುಂದೆ ಆದ ಒಪ್ಪಂದದಂತೆ ಮೂವರು ವಿಜ್ಞಾನಿಗಳ ಮಂಡಲಿಯು ನೇಮಕಗೊಂಡಿತು. ಸುಮಾರು 69,000 ಜನರು ತಮ್ಮ ರಕ್ತವನ್ನು ಪರೀಕ್ಷೆಗೆ ಕೊಟ್ಟರು. ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ರೋಗ ಮೊದಲಾದ ಆರು ವ್ಯಾಧಿಗಳಿಗೂ ಈ ರಾಸಾಯನಿಕಕ್ಕೂ ಸಂಬಂಧವಿರುವುದು ಸಂಭವನೀಯವೆಂದು ಮಂಡಲಿಯು 2012ರ ವೇಳೆಗೆ ನಿರ್ಣಯಿಸಿತು.

ಎರಡನೆಯದು ನ್ಯೂಯಾರ್ಕ್ ರಾಜ್ಯದ ಹೂಸಿಕ್ ಫಾಲ್ಸ್ ಎಂಬ ಊರಿನದು. ಅಲ್ಲಿನ ಜನಸಂಖ್ಯೆ ಸುಮಾರು ಮೂರೂವರೆ ಸಾವಿರ. 2013ರಿಂದ 2015ರವರೆಗೆ ದೇಶದಲ್ಲಿ ಈ ಬಗೆಯ ರಾಸಾಯನಿಕಗಳ ಶೋಧ ನಡೆದಾಗ, ಹತ್ತು ಸಾವಿರಕ್ಕಿಂತ ಹೆಚ್ಚು ಜನರಿಗೆ ನೀರೊದಗಿಸುವ ವ್ಯವಸ್ಥೆಗಳಿಗೆಲ್ಲ ಪರೀಕ್ಷೆ ಕಡ್ಡಾಯವಾಗಿತ್ತು. ಚಿಕ್ಕ ಊರುಗಳಲ್ಲಿ ಆಯ್ದ ಕೆಲವಕ್ಕೆ ಮಾತ್ರ. ಹೂಸಿಕ್ ಫಾಲ್ಸಿನ ನೀರನ್ನು ನೋಡಬೇಕೆಂಬ ಕಟ್ಟಳೆಯಿರಲಿಲ್ಲ. ಕಾರ್ಖಾನೆಯಲ್ಲಿ ದುಡಿದಿದ್ದ ತಂದೆಯನ್ನು ಮೂತ್ರಪಿಂಡದ ಕ್ಯಾನ್ಸರಿನಿಂದ ಕಳೆದುಕೊಂಡಿದ್ದ ಒಬ್ಬ ನಿವಾಸಿಯು 2014ರಲ್ಲಿ ತನ್ನ ಸ್ವಂತ ಖರ್ಚಿನಿಂದ ನೀರನ್ನು ಪರೀಕ್ಷೆಗೆ ಕಳುಹಿಸಿದನು. ಪಿಎಫ್‌ಒಎ ಪ್ರಮಾಣವು ಅಂದಿನ ಸೂಚನಾ ಮಿತಿಯನ್ನು ಮೀರಿತ್ತು. ಆದರೂ, ಆ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ ಎಂಬ ಎಚ್ಚರಿಕೆ ಕೇಂದ್ರದ ಪರಿಸರ ಇಲಾಖೆಯಿಂದ ಬಂದುದು 2015ರ ಕೊನೆಯಲ್ಲಿ.

ಅರಿತು ಮುಚ್ಚಿಟ್ಟವನ ಅಪರಾಧವನ್ನು ಗುರುತಿಸುವುದು ಸುಲಭ. ಅರಿಯದೆ ಇದ್ದವನ ವಿಷಯವೇ ಕಠಿಣವಾದುದು. ಅರಿಯಲು ಸಾಧ್ಯವೇ ಇಲ್ಲದವನ ಅಜ್ಞಾನ ಕ್ಷಮ್ಯ. ಅರಿಯುವ ಸಾಧನ ಕೈಯಲ್ಲಿದ್ದೂ, ಅರಿತರೆ ಹೊಣೆ ಹೊರಬೇಕಾದೀತೆಂದು ಕಣ್ಣು ಮುಚ್ಚಿಕೊಂಡವನದು ಅಜ್ಞಾನವಲ್ಲ. ಅದು ಅವನೇ ಮಾಡಿಕೊಂಡ ಆಯ್ಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಮಾತ್ರಕ್ಕೆ ಜಗತ್ತು ಕುರುಡಾಗುವುದಿಲ್ಲ. ಇಲ್ಲಿ ಹಾನಿಯಾಗುವುದೂ ಕಣ್ಣು ಮುಚ್ಚಿದವನಿಗಲ್ಲ, ಅವನನ್ನು ನಂಬಿ ಬೊಗಸೆಯೊಡ್ಡಿದವನಿಗೆ.

ಪರೀಕ್ಷೆಗೆ ಹಣ ಬೇಕು, ರಾಸಾಯನಿಕಗಳು ಸಾವಿರಾರು, ಎಲ್ಲವನ್ನೂ ಹುಡುಕಲಾದೀತೇ ಎಂದು ನೀವು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಎಲ್ಲವನ್ನೂ ಹುಡುಕಲಾಗದೆಂಬುದು, ಕಾರ್ಖಾನೆ ಎದುರಿಗೇ ಇರುವಲ್ಲಿ ಅದು ಬಳಸುವುದನ್ನೂ ಹುಡುಕದಿರಲು ಕಾರಣವಾಗಲಾರದು. ಕಾನೂನು ವಿಧಿಸಿಲ್ಲವೆಂಬ ಸಮಾಧಾನವೂ ಸಲ್ಲದು. ಅಮೆರಿಕೆಯಲ್ಲಿ ಪಿಎಫ್‌ಒಎ ಸೂಚನಾ ಮಿತಿಯು 2009ರಲ್ಲಿ ಒಂದು ಲಕ್ಷ ಕೋಟಿ ಭಾಗ ನೀರಿಗೆ 400 ಭಾಗವಿತ್ತು. 2016ರಲ್ಲಿ, ಅದರ ಜೊತೆಯ ಇನ್ನೊಂದು ರಾಸಾಯನಿಕವನ್ನೂ ಕೂಡಿಸಿ, 70 ಆಯಿತು. 2024ರಲ್ಲಿ ಕಾನೂನಿನ ಮಿತಿಯಾಗಿ 4ಕ್ಕೆ ಇಳಿಯಿತು. 2010ರಲ್ಲಿ 300 ಭಾಗವಿದ್ದ ನೀರನ್ನು ಕುಡಿದ ತಾಯಿಗೆ ಅದು ಕಾಗದದ ಮೇಲೆ ನಿರಪಾಯವಾಗಿತ್ತು. ಮುಂದೆ ಬದಲಾದುದು ಮನುಷ್ಯನ ತಿಳಿವಳಿಕೆಯೇ ಹೊರತು ಅವಳು ಕುಡಿದ ನೀರಲ್ಲ. ಕಾನೂನು ತಿಳಿವಳಿಕೆಯ ಹಿಂದೆ ನಡೆದು ಬರುತ್ತದೆ; ಧರ್ಮವು ಅದರ ಮುಂದೆ ನಡೆಯಬೇಕು.

ಪರೀಕ್ಷೆಯು ತಾನಾಗಿ ನೀರನ್ನು ಶುದ್ಧಿಗೊಳಿಸದು. ಅದು ನಿಜವನ್ನು ಮುಂದಿಡುತ್ತದೆ, ಅಷ್ಟೆ. ಹೂಸಿಕ್ ಫಾಲ್ಸಿನಲ್ಲಿ ನಿಜ ತಿಳಿದ ಮೇಲೆಯೇ ಇದ್ದಿಲಿನ ಶೋಧಕಗಳು ಬಂದವು. ಅರಿವು ಆಚಾರಕ್ಕೆ ಇಳಿದಾಗಲೇ ಸಾರ್ಥಕ. ಆದರೆ ಅರಿವೇ ಇಲ್ಲದ ಕಡೆ ಆಚಾರಕ್ಕೆ ನೆಲೆಯೆಲ್ಲಿ?

ಓದುಗ ಬಂಧುಗಳೇ, ಈ ಹೊಣೆ ಅಧಿಕಾರಿಗಳದು ಮಾತ್ರವಲ್ಲ. ಅತಿಥಿಗೆ ಚೆಂಬು ನೀರು ಕೊಡುವಾಗ ನೀವೂ ನೀರೆರೆಯುವವರೇ. ನಿಮ್ಮ ಊರಿನ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದುದು ಎಂದು, ಯಾವ ಯಾವ ವಸ್ತುಗಳಿಗಾಗಿ ಎಂದು ಕೇಳಿದ್ದೀರಾ? ಕೇಳುವುದಕ್ಕೆ ಹಣ ಬೇಕಿಲ್ಲ. ತಿಳಿದು ಬರುವ ಉತ್ತರವನ್ನು ಎದುರಿಸುವ ಧೈರ್ಯವಿದ್ದರೆ ಸಾಕು.