ಕೌದಿ ಹೊಲಿಯುವ ಮನೆಯಲ್ಲಿ ಅಹಿಂಸಾಣುವ್ರತ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯ ಸೀರೆ-ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವ ತಾಯಂದಿರ ಅಂಗಳದಲ್ಲಿ ನಾಯಿಗಳೂ ಬಾಳುತ್ತವೆ. ಅವುಗಳಿಗೆ ಬೇಸಿಗೆಯಲ್ಲಿ ನೀರು, ಮಳೆಗಾಲದಲ್ಲಿ ಸೂರು, ಚಳಿಗಾಲದಲ್ಲಿ ಸವೆದ ಕೌದಿಯ ತುಂಡು ದೊರೆತರೆ ದಯೆ ಪೂರ್ಣವಾಯಿತೆ? ಹಾಸಿದ ಬಟ್ಟೆ ಕೊಳೆಯಾದೀತೆಂದು ನಾಯಿಯನ್ನು ದಿನವಿಡೀ ಕಟ್ಟಿಹಾಕಬಹುದೆ?

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂಬ 5 ಅತಿಚಾರಗಳನ್ನು ಅಹಿಂಸಾಣುವ್ರತಕ್ಕೆ ಹೇಳಿದೆ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ. ಅನ್ನವಿತ್ತ ಮಾತ್ರಕ್ಕೆ ಬಂಧದ ದೋಷ ಕಳೆಯದು. ನಮ್ಮ ಅನುಕೂಲವೊಂದೇ ಕಟ್ಟಿಗೆ ಕಾರಣವಾದರೆ ಅದು ಪ್ರಮಾದವೇ ಸರಿ. ಪ್ರಾಣಿಯ ರಕ್ಷಣೆಗಾಗಿ ಕಟ್ಟಲೇಬೇಕಾದಾಗ ಹಗ್ಗ ಸಡಿಲವಾಗಿರಲಿ, ನೆರಳು-ನೀರು ಎಟುಕುವಂತಿರಲಿ, ಅಗತ್ಯ ತೀರಿದೊಡನೆ ಗಂಟನ್ನು ಬಿಚ್ಚಬೇಕು.

ಹರಿದ ಅರಿವೆಯನ್ನೂ ಬಿಸುಡದೆ ಕೂಡಿಸುವ ಕೈಗಳಿಗೆ ಈ ಎಚ್ಚರ ಕಠಿನವಲ್ಲ. ಗೃಹಸ್ಥಧರ್ಮದ ಅಹಿಂಸೆ ಇಂತಹ ಸಣ್ಣ ಗಂಟುಗಳಲ್ಲಿಯೇ ಪರೀಕ್ಷೆಗೊಳಗಾಗುತ್ತದೆ.