ಆಡಿ ಗಳಿಸಿದ ಚಿನ್ನ ಯಾರ ಲೆಕ್ಕಕ್ಕೆ?

(ಬ್ಯಾಂಕಿನಿಂದ ನಿವೃತ್ತರಾದ ಸೋದರಮಾವ, ಕಾನೂನು ಓದುತ್ತಿರುವ ಸೊಸೆ ಅನು. ಮಾತು ಚೀನಾದ ಮೇಲೆ ತಿರುಗಿದೆ.)

ಮಾವ: ಆಟದ ದುಡ್ಡಿಗೆ ಸರ್ಕಾರ ಯಾಕೆ ತಲೆ ಹಾಕಬೇಕು ಅಂತೀಯಲ್ಲ, ಟೆನ್ಸೆಂಟ್ ಕಂಪನಿಯ ಕ್ಯೂ-ಕಾಯಿನ್ ನೋಡು. ಒಂದು ಯುವಾನ್‌ಗೆ ಒಂದು ಕಾಯಿನ್. ಕಂಪನಿಯ ಆನ್‌ಲೈನ್ ಸೇವೆಗೆ ಅಂತ ಮಾಡಿದ್ದು. ಜನ ಅದನ್ನೇ ದುಡ್ಡಿನ ಹಾಗೆ ಕೈಯಿಂದ ಕೈಗೆ ದಾಟಿಸೋಕೆ ಶುರು ಮಾಡಿದ್ರು.

ಅನು: ದಾಟಿಸಲಿ ಬಿಡಿ. ಯುವಾನ್ ಕೊಟ್ಟೇ ತಾನೇ ಕೊಂಡಿದ್ದು?

ಮಾವ: ಕಾಯಿನ್ ಹುಟ್ಟಿಸೋಕೆ ಕಂಪನಿಗೆ ಮಿತಿ ಎಲ್ಲಿದೆ? ನಾಳೆ ಬಾಗಿಲು ಮುಚ್ಚಿದ್ರೆ ಕೇಳೋರ್ಯಾರು? ಅದಕ್ಕೇ 2009ರ ಜೂನ್‌ನಲ್ಲಿ ಅಲ್ಲಿನ ಸಂಸ್ಕೃತಿ ಸಚಿವಾಲಯ, ವಾಣಿಜ್ಯ ಸಚಿವಾಲಯ ಸೇರಿ ಸುತ್ತೋಲೆ ಹೊರಡಿಸಿದವು. ಕಾಯಿನ್ ಕೊಟ್ಟು ಆ ಕಂಪನಿಯ ಸೇವೆ ಪಡೆಯಬಹುದು, ಅಂಗಡಿ ಸಾಮಾನು ಕೊಳ್ಳೋ ಹಾಗಿಲ್ಲ. ಕಾಯಿನ್ ಹೊರಡಿಸೋರೇ ಅದರ ವಹಿವಾಟಿನ ಕಟ್ಟೆ ನಡೆಸೋ ಹಾಗಿಲ್ಲ. ಸೇವೆ ನಿಲ್ಲಿಸಿದ್ರೆ ಉಳಿದದ್ದನ್ನ ವಾಪಸ್ ಕೊಡಬೇಕು. ಇದರಲ್ಲಿ ತಪ್ಪೇನು?

ಅನು: ಇದರಲ್ಲಿ ಇಲ್ಲ. ಇಲ್ಲದಿರೋದರಲ್ಲಿದೆ. ಅದರ ವ್ಯಾಖ್ಯೆ ಓದಿದ್ದೀರಾ? ದುಡ್ಡು ಕೊಟ್ಟು ಕೊಂಡದ್ದು ಮಾತ್ರ ವರ್ಚುವಲ್ ಕರೆನ್ಸಿ. ಆಡುತ್ತಾ ಗಳಿಸಿದ ಸಾಮಗ್ರಿ ಅದರಲ್ಲಿ ಸೇರೋದೇ ಇಲ್ಲ.

ಮಾವ: ಬಿಟ್ಟರೆ ಬಿಡಲಿ, ಅದು ಮಕ್ಕಳಾಟ.

ಅನು: ಮಕ್ಕಳಾಟವಾ? 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ಗೆ ಜೂಲಿಯನ್ ಡಿಬ್ಬೆಲ್ ಬರೆದದ್ದು ಓದಿ. ನಾನ್‌ಜಿಂಗ್‌ನ ಒಂದು ಕೋಣೆ. ಒಬ್ಬ ಯುವಕ ರಾತ್ರಿಗೆ 12 ಗಂಟೆ ಕಂಪ್ಯೂಟರ್ ಮುಂದೆ ಕೂತು, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಅದದೇ ಶತ್ರುಗಳನ್ನು ಹೊಡೆದು ಚಿನ್ನ ಕೂಡಿಸ್ತಾನೆ. ತಿಂಗಳಿಗೆ ಎರಡು ಮೂರು ರಾತ್ರಿ ಮಾತ್ರ ರಜ. ನೂರು ನಾಣ್ಯಕ್ಕೆ ಅವನಿಗೆ ಸಿಗೋದು ಸುಮಾರು 1.25 ಡಾಲರ್. ಅಮೆರಿಕದ ಆಟಗಾರನ ಕೈ ಸೇರೋ ಹೊತ್ತಿಗೆ ಅದಕ್ಕೆ 20 ಡಾಲರ್‌ವರೆಗೂ ಬೆಲೆ.

ಮಾವ: ಅವನಿಂದ ಉಳಿದವರ ಆಟ ಕೆಡುತ್ತಲ್ಲ! ಚಿನ್ನ ಸುರಿದಂತೆ ಆಟದೊಳಗೂ ಬೆಲೆಯೇರಿಕೆ. ಆಡಿ ಗೆಲ್ಲೋನು ಪೆದ್ದ, ದುಡ್ಡಿರೋನು ಶೂರ.

ಅನು: ಹಾಗಾದ್ರೆ ಕಂಪನಿ ಅವನ ಖಾತೆ ಮುಚ್ಚಲಿ. ಅಪರಾಧ ಅನ್ನೋದು ಬೇರೆ ಮಾತು. ದಕ್ಷಿಣ ಕೊರಿಯಾದಲ್ಲಿ ಲೀನಿಯೇಜ್ ಆಟದ ದುಡ್ಡು ಕೊಂಡು ಮಾರಿದ ಇಬ್ಬರ ಮೇಲೆ ಕೇಸಾಗಿತ್ತು. 2009ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಖುಲಾಸೆಯನ್ನ ಎತ್ತಿ ಹಿಡೀತು. ಈ ದುಡ್ಡು ಜೂಜಿನ ಅದೃಷ್ಟದಿಂದ ಬಂದದ್ದಲ್ಲ, ಶ್ರಮ ಮತ್ತು ಸಮಯ ಹಾಕಿ ಗಳಿಸಿದ್ದು ಅನ್ನೋದೇ ಕಾರಣ.

ಮಾವ: ತೆರಿಗೆಯವರಿಗೆ ಮಾತ್ರ ಈ ಜಿಜ್ಞಾಸೆ ಇಲ್ಲ ನೋಡು! 2008ರಲ್ಲೇ ಚೀನಾ ಇಂಥ ಮಾರಾಟದ ಲಾಭಕ್ಕೆ ಶೇ 20 ತೆರಿಗೆ ಅಂದಿತ್ತು. ಕ್ರಿಪ್ಟೊದಂಥ ಆಸ್ತಿಯ ಲಾಭಕ್ಕೆ ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಶೇ 30.

ಅನು: ದುಡ್ಡು ಅಂತ ಒಪ್ಪಲ್ಲ, ಪಾಲು ಮಾತ್ರ ಬೇಕು.

ಮಾವ: ತೆರಿಗೆ ಕಟ್ಟಿದ ಮಾತ್ರಕ್ಕೆ ಸಕ್ರಮ ಆಗಲ್ಲಮ್ಮ. ಸರಿ, ನಿನ್ನ ಪ್ರಕಾರ ಕಾನೂನು ಎಲ್ಲಿ ನಿಲ್ಲಬೇಕು?

ಅನು: ನಾಣ್ಯ ನಿಜದ ದುಡ್ಡಾಗೋ ಕೌಂಟರ್‌ನಲ್ಲಿ ನಿಲ್ಲಲಿ, ಅದನ್ನ ನಾನು ಒಪ್ತೀನಿ. ಅಷ್ಟೇ ಗಟ್ಟಿಯಾಗಿ ಆ ಯುವಕನ ಕುರ್ಚಿ ಪಕ್ಕದಲ್ಲೂ ನಿಲ್ಲಬೇಕು.

ಮಾವ: ಅದು ಕಾರ್ಮಿಕ ಇಲಾಖೆ ಕೆಲಸ ಕಣೇ.

ಅನು: ಆ ಸುತ್ತೋಲೆ ಹೊರಡಿಸಿದ್ದು ಎರಡು ಸಚಿವಾಲಯ ಮಾವ. ಕಾರ್ಮಿಕ ಸಚಿವಾಲಯ ಅದರಲ್ಲಿ ಇರಲಿಲ್ಲ.